ಗೇಣು ಮಣ್ಣಿನ ಪತ್ರಿ

ಕೆಂಗಲ್ಲ ಗುಡ್ಡದ ನೆತ್ತಿಯಲ್ಲಿ, ಮುಂದಕ್ಕೆ ಬಾಗಿದ ಒಂದು ಬಂಡೆಯ ಕೆಳಗೆ ಪರಮಪೂಜ್ಯ ಶ್ರೀ ಅಡವಯ್ಯಜ್ಜನವರು ವಾಸವಾಗಿದ್ದರು. ಮಠವೆಂದರೆ ಅಷ್ಟೇ. ಒಂದು ಕಂಬಳಿ, ಒಂದು ತಂಬಿಗೆ, ಕೊರಳಲ್ಲಿ ಇಷ್ಟಲಿಂಗ. ಬಂಡೆಯ ಬಿರುಕಿನಲ್ಲಿ ತೊಡೆಯೆತ್ತರದ ಒಂದು ಬಿಲ್ವಪತ್ರಿ ಗಿಡವಿತ್ತು. ಅಜ್ಜನವರು ದಿನವೂ ಅದರಿಂದ ಒಂದೇ ದಳ ಬಿಡಿಸಿ ಲಿಂಗಕ್ಕೆ ಏರಿಸುತ್ತಿದ್ದರು. ಎರಡನೆಯದನ್ನು ಮುಟ್ಟುತ್ತಿರಲಿಲ್ಲ.

ಆ ಗುಡ್ಡದ ಮಣ್ಣು ಉಸುಕುಗಲ್ಲು ಸವೆದು ಆದದ್ದು. ಆಳ ಒಂದು ಗೇಣು, ಅದರ ಕೆಳಗೆ ಹಾಸುಬಂಡೆ. ಹಿಡಿಯಲ್ಲಿ ತೆಗೆದುಕೊಂಡರೆ ಬೆರಳ ಸಂದಿಯಿಂದ ಸುರಿದು ಹೋಗುತ್ತದೆ. ಬಿದ್ದ ನೀರನ್ನೂ ಹಾಗೆಯೇ ಬಿಟ್ಟುಕೊಡುತ್ತದೆ. ಆದರೂ ಅಲ್ಲಿ ಕಾಡಿತ್ತು. ಕಾರೆ, ಕವಳಿ, ಬಂದರಿಕೆ, ಕಮರ. ಎಲ್ಲವೂ ಕುಳ್ಳು, ಎಲ್ಲವೂ ಗಂಟುಗಂಟು. ಹೊಸಬರು ನೋಡಿದರೆ ಬಡಕಾಡು ಎನ್ನುತ್ತಿದ್ದರು.

ಬಾಳನಗೌಡನೂ ಹಾಗೇ ಅಂದ.

ಅವನು ಹೊಳೆಯಾಚೆಯ ಎರೆಸೀಮೆಯವನು. ಅಲ್ಲಿಯ ಕರಿಮಣ್ಣು ಆಳುದ್ದ ಅಗೆದರೂ ಮುಗಿಯುವುದಿಲ್ಲ. ಹೊಲ ಹಸನು ಮಾಡುವುದರಲ್ಲಿ ಅವನದು ದೊಡ್ಡ ಹೆಸರು. ಹುಡುಕಿದರೂ ಅವನ ಹೊಲದಲ್ಲಿ ಒಂದು ಹರಳು ಸಿಗದು, ಕಸದ ಕಡ್ಡಿ ಸಿಗದು.

ಅವನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣುಕೂಸು, ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಬಾಳನಗೌಡನ ಹೆಂಡತಿ ನೀಲಗಂಗವ್ವ ಗುಡ್ಡದ ಕಡೆ ಮುಖ ಮಾಡಿ ಸೆರಗೊಡ್ಡಿದಳು. ಕೂಸು ಉಳಿದರೆ ಅಜ್ಜನವರ ಸನ್ನಿಧಿಯಲ್ಲಿ ಪತ್ರಿವನ ಹಚ್ಚುತ್ತೇವೆ, ವನ ಚಿಗುರಿದ ದಿನವೇ ಕೂಸಿಗೆ ಹೆಸರಿಡುತ್ತೇವೆ ಎಂದು ಹರಕೆ ಹೊತ್ತಳು. ಕೂಸು ಉಸಿರು ಹಿಡಿಯಿತು. ಮೈ ಮಾತ್ರ ತುಂಬಲಿಲ್ಲ.

ಬಾಳನಗೌಡನಿಗೆ ಹರಕೆಯಲ್ಲಿ ನಂಬಿಕೆಯಿರಲಿಲ್ಲ, ತನ್ನ ರಟ್ಟೆಯಲ್ಲಿತ್ತು. ಕೂಸಿಗೆ ದಿನವೂ ಎಣ್ಣೆ ಹಚ್ಚಿ, ತಿಕ್ಕಿ, ಬಿಸಿನೀರು ಎರೆದು, ಬೇರೆ ತೊಟ್ಟಿಲಲ್ಲಿ ಮಲಗಿಸಲು ಕಟ್ಟಪ್ಪಣೆ ಮಾಡಿದ. ಮೈ ಗಟ್ಟಿಯಾಗಬೇಕಲ್ಲ! ಆಮೇಲೆ ಎತ್ತು, ರಂಟೆ, ಆಳುಗಳೊಡನೆ ಗುಡ್ಡ ಹತ್ತಿದ.

ಬಿರುಕಿನ ಪತ್ರಿ ಗಿಡ ಕಂಡು ನಕ್ಕ. "ಅಜ್ಜಾರ, ಇದೂ ಒಂದು ಗಿಡೇನ್ರಿ? ಆಡು ಬಾಯಿ ಹಾಕಿದ್ರ ಒಂದು ತುತ್ತಿಗೂ ಸಾಲೂದಿಲ್ಲ. ಆನಿ ನೆರಳಿಗೆ ನಿಲ್ಲೂವಂಥ ಗಿಡಾ ಬೆಳೆಸಿ ಕೊಡತೀನಿ, ನೋಡ್ರಿ."

ಅಜ್ಜನವರು ಮುಗುಳ್ನಕ್ಕರು.

ಆಳುಗಳು ಬಂದರಿಕೆ ಕಿತ್ತರು. ಹುಲ್ಲು ಕೆತ್ತಿದರು. ಇಳಿಜಾರಿನ ತುಂಬ ಹರಡಿದ್ದ ಚಪ್ಪಟೆ ಕಲ್ಲುಗಳನ್ನೆಲ್ಲ ಆರಿಸಿ ಒಂದು ಮೂಲೆಗೆ ರಾಶಿ ಹಾಕಿದರು. ಬಾಳನಗೌಡ ತಾನೇ ರಂಟೆ ಹಿಡಿದ. ನೇಗಿಲ ಕುಳ ಬಂಡೆಗೆ ತಾಗಿ ಕಿಡಿ ಹಾರಿತು. ಆಗ ಅಜ್ಜನವರು ಎದ್ದು ಬಂದರು.

"ಗೌಡಾ, ಈ ಮಣ್ಣಿನ ಹೊದಿಕಿ ತಗೀಬ್ಯಾಡ."

"ಜಪಾ ನಿಮ್ಮದು, ಮಣ್ಣು ನಮ್ಮದ್ರಿ ಅಜ್ಜಾರ. ನೀವು ಕುಂದರ್ರಿ."

ಆಳುಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಜ್ಜನವರೂ ನಕ್ಕು, ಹೋಗಿ ತಮ್ಮ ಕಂಬಳಿಯ ಮೇಲೆ ಕುಳಿತರು.

ಮೃಗಶಿರಾ ಮಳೆಗೆ ಪತ್ರಿ ಸಸಿಗಳನ್ನು ಹಚ್ಚಿದ್ದಾಯಿತು. ಸಾಲು ಸಾಲಾಗಿ, ಕಣ್ಣು ತುಂಬುವಂತೆ. ಆರಿದ್ರಾದಲ್ಲಿ ಒಂದು ಅಡ್ಡಮಳೆ ಹೊಡೆಯಿತು. ಮರುದಿನ ಬಾಳನಗೌಡ ಹತ್ತಿ ಬಂದು ನೋಡಿದ. ಹಳ್ಳ ಕೆಂಪಗೆ ಹರಿಯುತ್ತಿತ್ತು. ಇಳಿಜಾರಿನಲ್ಲಿ ಮಣ್ಣೇ ಇರಲಿಲ್ಲ. ಬಂಡೆ ತೊಳೆದಿಟ್ಟ ಪರಾತದ ಹಾಗೆ ಹೊಳೆಯುತ್ತಿತ್ತು. ಒಂದೆರಡು ಸಸಿ ಬೇರು ಮೇಲಾಗಿ ಬಿದ್ದಿದ್ದವು, ಉಳಿದವು ಕಾಣಲಿಲ್ಲ. ಆದರೆ ಪಕ್ಕದಲ್ಲೇ, ಅವನು ಮುಟ್ಟದೆ ಬಿಟ್ಟ ಬಡಕಾಡು ಇದ್ದ ಹಾಗೆಯೇ ನಿಂತಿತ್ತು.

ಮನೆಗೆ ಬಂದರೆ ಕೂಸು ಬಿಳಚಿಕೊಂಡಿತ್ತು, ಮೈ ತಣ್ಣಗಿತ್ತು. ಬೆಳಗಿನಿಂದ ಮೊಲೆ ಹಿಡಿದಿರಲಿಲ್ಲ. ವನದ ಸುದ್ದಿ ಕೇಳಿದ ನೀಲಗಂಗವ್ವ ಅಳಲಿಲ್ಲ. ಕೂಸನ್ನು ಕೌದಿಯಲ್ಲಿ ಸುತ್ತಿದಳು. ಮಗಳನ್ನು ಚಕ್ಕಡಿಗೆ ಹತ್ತಿಸಿದಳು.

"ಎಲ್ಲಿಗೆ?" ಎಂದ ಬಾಳನಗೌಡ.

"ಹೆಸರಿಲ್ಲದ ಕೂಸು ಮಣ್ಣಿಗೆ ಹೋಗಬಾರದು. ನಿಮ್ಮ ರಟ್ಟಿ ಏನು ಮಾಡಿತು ಅಂತ ನೋಡಿದ್ನಲ್ಲ. ಎತ್ತು ಹೂಡ್ರಿ."

ಅವನು ಎತ್ತು ಹೂಡಿದ.

ಗುಡ್ಡ ಹತ್ತಿ ಬಂದವನೇ ಬಾಳನಗೌಡ ಅಜ್ಜನವರ ಪಾದದ ಬಳಿ ಕುಸಿದ. "ವನಾ ಹೋತ್ರಿ ಯಪ್ಪಾ. ಕೂಸೂ ಹೋಗತೈತೇನ್ರಿ?"

ಅಜ್ಜನವರು ಅವನ ತೋಳು ಹಿಡಿದು ಎಬ್ಬಿಸಿದರು. ಬಿರುಕಿನ ಪತ್ರಿ ಗಿಡದ ಮುಂದೆ ನಿಲ್ಲಿಸಿದರು.

"ಇದರ ವಯಸ್ಸೆಷ್ಟು?"

"ಮೂರು ನಾಕು ವರ್ಷ ಇರಬೇಕ್ರಿ."

"ನಾ ಇಲ್ಲಿ ಬಂದಾಗ ನನಗ ಮೀಸಿ ಮೂಡಿರಲಿಲ್ಲ. ಆಗ ಇದು ಮೊಣಕಾಲಮಟ ಇತ್ತು."

ಬಾಳನಗೌಡ ಅಜ್ಜನವರ ಎದೆಯ ಮೇಲೆ ಇಳಿದ ಬೆಳ್ಳನೆಯ ಗಡ್ಡ ನೋಡಿದ. ತೊಡೆಯೆತ್ತರದ ಗಿಡ ನೋಡಿದ. ಅದರ ಬುಡಕ್ಕೆ ಕೈ ಹಚ್ಚಿದ. ಕಬ್ಬಿಣದ ಹಾಗಿತ್ತು.

"ಗೇಣು ಮಣ್ಣಿಂದು ನಿಧಾನ ಬೆಳಿತೈತಿ," ಎಂದರು ಅಜ್ಜನವರು. "ಸಾಯೂದಿಲ್ಲ. ಹೊದಿಕಿ ಮಾತ್ರ ತಗೀಬಾರದು."

ಆಮೇಲೆ ಬಾಣಂತಿಯ ಕಡೆ ತಿರುಗಿದರು. "ತಿಕ್ಕೂದು, ತೊಳೆಯೂದು ಸಾಕವ್ವಾ. ಎದಿಗೆ ಹಚ್ಚಿಕೋ. ಮ್ಯಾಲ ಹೊದ್ಸು. ಇಳಿಸಬ್ಯಾಡ." ತಮ್ಮ ಕಂಬಳಿಯನ್ನೇ ತೆಗೆದು ಕೊಟ್ಟರು.

"ಹರಕಿ, ಯಪ್ಪಾ?" ಎಂದಳು ನೀಲಗಂಗವ್ವ. "ವನ ಚಿಗುರೂ ತನಕ ಹೆಸರಿಡಂಗಿಲ್ಲ ಅಂದಿದ್ದೆ."

"ಹೆಸರು ಇವತ್ತ ಇಡ್ರಿ. ಹರಕಿ ಗೌಡ ತೀರಸ್ತಾನ. ತಗದ ಕಲ್ಲು ತಿರುಗಿ ಇಡಲಿ."

ಅಲ್ಲೇ, ಆ ಬಂಡೆಯ ನೆರಳಿನಲ್ಲಿ ಕೂಸಿಗೆ ಅಡವೆವ್ವ ಎಂದು ಹೆಸರಿಟ್ಟರು. ಹೊತ್ತು ಇಳಿಯುವವರೆಗೆ ತಾಯಿ ಕದಲದೆ ಕುಳಿತಳು. ಕಂಬಳಿಯೊಳಗೆ ಕೂಸಿನ ಮೈ ಬೆಚ್ಚಗಾಯಿತು. ಬಿಸಿಲು ಕೆಂಪಾಗುವ ಹೊತ್ತಿಗೆ ಒಳಗಿನಿಂದ ಚೀಪುವ ಸದ್ದು ಬಂತು. ನೀಲಗಂಗವ್ವ ಆಗ ಅತ್ತಳು.

ಬಾಳನಗೌಡ ಮತ್ತೆ ಗುಡ್ಡಕ್ಕೆ ಬಂದ. ಈ ಸಲ ಎತ್ತಿಲ್ಲ, ರಂಟೆಯಿಲ್ಲ, ಕಾಲಲ್ಲಿ ಕೆರವೂ ಇಲ್ಲ. ಮೂಲೆಯ ರಾಶಿಯಿಂದ ಕಲ್ಲು ಹೊತ್ತು ತಂದು ಇಳಿಜಾರಿಗೆ ಅಡ್ಡಡ್ಡ ಇಟ್ಟ. ಊರವರು ಚಾಷ್ಟಿ ಮಾಡಿದರು.

"ಗೌಡ್ರ, ಎರಿ ಹೊಲಾ ಬಿಟ್ಟು ಇಲ್ಲಿ ಕಲ್ಲು ಬಿತ್ತಾಕ ಹತ್ತೀರೇನು?"

"ಹೌದಪಾ. ಕೈ ಹಚ್ಚತೀಯೇನು?" ಎನ್ನುತ್ತಿದ್ದ. ಅಷ್ಟೇ.

ಮುಂದಿನ ಮಳೆಗೆ ಕಲ್ಲುಗಳ ಹಿಂದೆ ಒಂದಿಷ್ಟು ಮಣ್ಣು ನಿಂತಿತು. ಅದರ ಮುಂದಿನ ಮಳೆಗೆ ಇನ್ನೊಂದಿಷ್ಟು. ಕರೆಯದೆ ಹುಲ್ಲು ಬಂತು, ಬಂದರಿಕೆ ಬಂತು. ಉದುರಿದ ಎಲೆಯನ್ನು ಬಾಳನಗೌಡ ಗುಡಿಸಲಿಲ್ಲ. ಬಂದರಿಕೆಯ ನೆರಳು ನೋಡಿ ಅದರ ಬುಡದಲ್ಲಿ ಪತ್ರಿ ಬೀಜ ಊರಿದ. ಬಂದದ್ದು ಕೆಲವು, ಹೋದದ್ದು ಹಲವು. ಹೋದಲ್ಲಿ ಮತ್ತೆ ಊರಿದ.

ಅಡವೆವ್ವ ಬೆಳೆದಳು. ಓರಗೆಯ ಮಕ್ಕಳಿಗಿಂತ ಗಿಡ್ಡಿ. ಗುಡ್ಡ ಹತ್ತುವುದರಲ್ಲಿ ಮಾತ್ರ ಅವಳನ್ನು ಯಾರೂ ಹಿಡಿಯುವಂತಿರಲಿಲ್ಲ. ಒಂದು ಶ್ರಾವಣ ಸೋಮವಾರ ಓಡುತ್ತ ಬಂದವಳು ಕಲ್ಲಿಗೆ ಎಡವಿದಳು. ಸಿಟ್ಟಿನಿಂದ ಆ ಕಲ್ಲನ್ನೆತ್ತಿ ಒಗೆಯಲು ಹೋದಳು. ಬಾಳನಗೌಡ ಕೈ ಹಿಡಿದ.

"ತಡಿಯವ್ವಾ. ಅದರ ಕೆಳಗ ನೋಡು."

ಮಳೆ ಬಿದ್ದು ಎಷ್ಟೋ ದಿನವಾಗಿತ್ತು. ಆದರೂ ಕಲ್ಲಿನಡಿಯ ಮಣ್ಣು ಹಸಿಯಾಗಿತ್ತು. ಅದರೊಳಗೆ ದಾರದಂಥ ಒಂದು ಬಿಳಿ ಬೇರು ಹರಿದಿತ್ತು.

"ಯಾರದಜ್ಜಾ ಇದು?"

ಬಾಳನಗೌಡ ಪಕ್ಕದ ಪತ್ರಿ ಗಿಡ ತೋರಿಸಿದ. ಅವಳ ಮೊಣಕಾಲಿನಷ್ಟಿತ್ತು. ಅಡವೆವ್ವ ಕಲ್ಲನ್ನು ಮೆಲ್ಲಗೆ ಇದ್ದಲ್ಲೇ ಇಟ್ಟಳು. ಗಿಡದಿಂದ ಒಂದೇ ಒಂದು ದಳ ಬಿಡಿಸಿಕೊಂಡು ಅಜ್ಜನವರ ಬಂಡೆಯತ್ತ ಓಡಿದಳು.

ಅಂದು ಶ್ರೀ ಅಡವಯ್ಯಜ್ಜನವರು ಲಿಂಗಕ್ಕೆ ಎರಡು ದಳ ಏರಿಸಿದರು.