ಫೋಟೊ ಪಕ್ಕದ ಮೀಟರ್

ಡೀಸೆಲ್ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡು ರುದ್ರಮುನಿ ಸಾಹುಕಾರರ ಲಾರಿ ಏರಿನಲ್ಲಿ ನಿಂತುಬಿಟ್ಟಿತ್ತು. ಮರುದಿನ ಅವರು, ಫಿಲ್ಟರ್ ಕಟ್ಟುತ್ತಿದ್ದರೆ ಮೊದಲೇ ತಿಳಿಯಲೆಂದು, ಡೀಸೆಲ್ ಒತ್ತಡ ತೋರಿಸುವ ಮೀಟರ್ ಹಿಡಿದು ಲಾರಿ ನಿಂತಿದ್ದ ಹೆದ್ದಾರಿ ಪಕ್ಕದ ಗ್ಯಾರೇಜಿಗೆ ಬಂದರು.

"ಡ್ಯಾಶ್‌ಬೋರ್ಡಿನ ಮೇಲಿರೋ ಆ ಫೋಟೊ ಕಿತ್ತು ಅಲ್ಲಿ ಇದನ್ನ ಕೂರಿಸು. ಡ್ರೈವರ್ ಕಣ್ಣು ಸದಾ ಈ ಮುಳ್ಳಿನ ಮೇಲಿರಬೇಕು," ಎಂದು ಮೇಸ್ತ್ರಿಗೆ ಅಪ್ಪಣೆ ಮಾಡಿ ಹೋದರು.

ಫೋಟೊದಲ್ಲಿದ್ದವಳು ಡ್ರೈವರ್ ದಾದಾಪೀರನ ಹೆಂಡತಿ. ತೀರಿಕೊಂಡು ವರ್ಷವಾಗಿತ್ತು. ದಾದಾಪೀರ ಹೆಗಲ ಟವಲಿನಿಂದ ಫೋಟೊದ ಧೂಳು ಒರೆಸಿ, ಕೆಳಗಿಳಿದು ನಿಂತ.

ಸಂಜೆ ಸಾಹುಕಾರರು ಬಂದು ನೋಡಿದರೆ ಫೋಟೊ ಇದ್ದಲ್ಲೇ ಇದೆ. ಮೀಟರ್ ಅದಕ್ಕೆ ಒತ್ತಿಕೊಂಡು ಪಕ್ಕದಲ್ಲಿ ಕೂತಿದೆ.

"ನಾನು ಹೇಳಿದ್ದೇನು, ನೀನು ಮಾಡಿದ್ದೇನು?"

"ನೀವು ಹೇಳಿದ್ದನ್ನೇ ಮಾಡಿದೀನಿ ಸಾವ್ಕಾರ್ರೆ," ಎಂದ ಮೇಸ್ತ್ರಿ, ಕೈಯ ಗ್ರೀಸ್ ಒರೆಸಿಕೊಳ್ಳುತ್ತ. "ಹೊಸ ಮೀಟರನ್ನ ದಾದಾಪೀರ ನಾಲ್ಕು ದಿನ ನೋಡ್ತಾನೆ, ಆಮೇಲೆ ಮರೀತಾನೆ. ಈ ತಾಯೀನ ನೋಡೋದು ಮಾತ್ರ, ಆಕೆ ಹೋದಮೇಲೂ ಬಿಟ್ಟಿಲ್ಲ. ಅವನ ಕಣ್ಣು ಸದಾ ಇರೋ ಜಾಗ ಈ ಲಾರೀಲಿ ಇದೊಂದೇ. ಅದನ್ನ ಕಿತ್ತರೆ ನಿಮ್ಮ ಮುಳ್ಳನ್ನ ಯಾರು ನೋಡ್ತಾರೆ?"

ಸಾಹುಕಾರರು ಫೋಟೊ ನೋಡಿದರು. ದಾದಾಪೀರನ ಮುಖ ನೋಡಿ, ಲಾರಿಯ ಕೀಲಿ ಅವನ ಕೈಗಿತ್ತರು.

ಮುಂದಿನ ವಾರ ತಮ್ಮ ಇನ್ನೊಂದು ಲಾರಿಯನ್ನೂ, ಇನ್ನೊಂದು ಮೀಟರನ್ನೂ ತಂದರು.

ಮೇಸ್ತ್ರಿ ಒಳಗೆ ಇಣುಕಿದ. "ಇಲ್ಲಿ ಯಾರ ಫೋಟೊನೂ ಇಲ್ಲ. ಈ ಡ್ರೈವರಿಗೆ ಇನ್ನೂ ಮದುವೆ ಆಗಿಲ್ಲ. ಎಲ್ಲಿ ಕೂರಿಸ್ಲಿ?"

ಸಾಹುಕಾರರು ಮೀಟರನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

"ಸ್ವಲ್ಪ ತಡಿ. ಮೊದಲು ಅವನಿಗೊಂದು ಹೆಣ್ಣು ನೋಡ್ತೀನಿ."