ಬಳೆಯ ಪಿನ್ನು

"ಅಜ್ಜಾರೇ, ಸಿಟ್ಟು ಬಿಡಬೇಕೆಂದು ಮಠಕ್ಕೆ ಬಂದವನು ನಾನು. ದಿನಾ ಸಂಜೆ ಒಬ್ಬನೇ ಕೂತು, ಅವತ್ತು ಮಾಡಿದ ತಪ್ಪುಗಳನ್ನೆಲ್ಲ ಒಂದೂ ಬಿಡದೆ ಕೆದಕಿ ತೆಗೆಯುತ್ತೇನೆ. ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಳ್ಳುತ್ತೇನೆ. ಆದರೂ ಸಿಟ್ಟು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಇನ್ನೇನು ಮಾಡಲಿ?"

ಮಠದ ಜಗಲಿಯಲ್ಲಿ ಕೂತು ನಿರುಪಾದಿ ಎಂಬ ಶಿಷ್ಯ ಹೀಗೆ ಕೇಳಿದ. ಗುರುಗಳನ್ನು ಆ ಊರಿನವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಅಜ್ಜಾರು ಆಗಷ್ಟೇ ರೊಟ್ಟಿ ಉಂಡು ಕೈ ತೊಳೆದು ಬಂದಿದ್ದರು. ಕೈ ಒರೆಸಿಕೊಳ್ಳುತ್ತಲೇ ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಕೇಳಬೇಡ, ಹೇಳಬೇಕೆನಿಸಿದರೆ ಅವಳೇ ಹೇಳಿಯಾಳು. ಓದುವುದು ಹತ್ತನೇ ತರಗತಿ. ಶಾಲೆ ಬಿಟ್ಟು ಬಂದರೆ ಅಜ್ಜಿಯ ಮಗ್ಗುಲಿಗೆ ಕೂತು ರೊಟ್ಟಿ ಬಡಿಯುವುದೇ ಅವಳಿಗೆ ಆಟ. ಹಿಟ್ಟು ಕೈಗೆ ಸಿಕ್ಕರೆ ಸಾಕು, ಅಂಚು ಒಡೆಯದಂತೆ ತೆಳ್ಳಗೆ ಬಡಿದು ಹಂಚಿಗೆ ಹಾಕಿಬಿಡುತ್ತಿದ್ದಳು. ಮೊಮ್ಮಗಳ ಕೈಚಳಕದ ಬಗ್ಗೆ ಅಜ್ಜಿಗೆ ಭಾರಿ ಜಂಬ.

ಒಂದು ದಿನ ಆ ಹುಡುಗಿಯ ಉಗುರುಗಳ ಮೇಲೆ ಸಣ್ಣ ಸಣ್ಣ ಕುಳಿಗಳು ಕಂಡವು, ಸೂಜಿಯಿಂದ ಚುಚ್ಚಿದ ಹಾಗೆ. ಆಮೇಲೆ ಉಗುರು ಹಳದಿಗೆ ತಿರುಗಿತು. ತುದಿ ಮಾಂಸ ಬಿಟ್ಟು ಮೇಲೆದ್ದಿತು. ಅಡಿಯಲ್ಲಿ ಸುಣ್ಣದ ಪುಡಿಯಂಥದ್ದು ತುಂಬಿಕೊಂಡಿತು. ಔಷಧಿ ಅಂಗಡಿಯವನು ಬೂಷ್ಟು ಹಿಡಿದಿರಬೇಕು ಎಂದು ಯಾವುದೋ ಮುಲಾಮು ಕೊಟ್ಟ. ಅದನ್ನು ಉಗುರಿನ ಮೇಲೆ, ಕಣ್ಣಿಗೆ ಕೆಟ್ಟದಾಗಿ ಕಾಣುವ ಕಡೆಯೆಲ್ಲ ಬಳಿದಳು. ಏನೂ ಆಗಲಿಲ್ಲ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಅದಕ್ಕೂ ಮೊದಲು ರೊಟ್ಟಿ ಹಬ್ಬ ಬರುತ್ತದಲ್ಲ, ಮನೆಮನೆಗೂ ರೊಟ್ಟಿ ಪಲ್ಯ ಬೀರುವ ಹಬ್ಬ. ಓಣಿಯ ಹೆಂಗಸರೆಲ್ಲ ಅಜ್ಜಿಯ ಅಂಗಳದಲ್ಲಿ ರೊಟ್ಟಿ ಬಡಿಯಲು ಕೂತರು. ಹುಡುಗಿಯೂ ಕೂತಳು. ಪಕ್ಕದ ಮನೆಯಾಕೆಯ ಕಣ್ಣು ಅವಳ ಕೈ ಮೇಲೆ ಬಿತ್ತು.

"ಯವ್ವಾ, ಆ ಉಗುರು ಏನ ಆಗ್ಯಾವ? ಆ ಕೈಲೆ ಹಿಟ್ಟು ಮುಟ್ಟಬ್ಯಾಡ. ನಾಕ ಮನಿ ಮಂದಿ ತಿನ್ನೋ ರೊಟ್ಟಿ."

ಅಷ್ಟೇ ಮಾತು. ಆಕೆ ಕೆಟ್ಟ ಹೆಂಗಸೇನಲ್ಲ, ಹೆದರಿದ್ದಳು. ಆದರೆ ಹುಡುಗಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಎದ್ದು ಕೈ ತೊಳೆದು ಒಳಗೆ ಹೋದಳು. ಅಜ್ಜಿ ಕರೆದರೂ ಹೊರಗೆ ಬರಲಿಲ್ಲ.

ಆ ಸಂಜೆ ಹುಡುಗಿಯರೆಲ್ಲ ಹಬ್ಬದ ಮದರಂಗಿ ಹಚ್ಚಿಕೊಂಡರು. ಇವಳು ಎಲ್ಲರಿಗಿಂತ ದಪ್ಪಗೆ, ಹತ್ತೂ ಉಗುರು ಮುಚ್ಚುವಂತೆ ಮೆತ್ತಿಕೊಂಡಳು. ಮರುದಿನ ಎಲ್ಲರ ಉಗುರೂ ಕೆಂಪು, ಇವಳದೂ ಕೆಂಪು. ಹಳದಿಯೇನೋ ಮರೆಯಾಯಿತು. ಮೇಲೆದ್ದ ತುದಿ, ಅಡಿಯ ಪುಡಿ ಮರೆಯಾಗಲಿಲ್ಲ.

ಅದಕ್ಕೆ ಅವಳು ಇನ್ನೊಂದು ದಾರಿ ಹಿಡಿದಳು. ನಮ್ಮ ಹೆಂಗಸರು ಬಳೆಗೆ ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ, ನೋಡಿದ್ದೀಯಲ್ಲ. ಅಜ್ಜಿಯ ಬಳೆಯಿಂದ ಅಂಥದೊಂದು ಪಿನ್ನು ಇಸಿದುಕೊಂಡು ತನ್ನ ಬಳೆಗೆ ಹಾಕಿಕೊಂಡಳು. ಪುರುಸೊತ್ತು ಸಿಕ್ಕಾಗಲೆಲ್ಲ ಬಾಗಿಲು ಹಾಕಿಕೊಂಡು ಉಗುರಿನ ಅಡಿ ಕೆದಕುವುದು, ಪುಡಿ ತೆಗೆಯುವುದು, ತೊಳೆಯುವುದು, ಮತ್ತೆ ಕೆದಕುವುದು. ಸ್ವಚ್ಛವಾದರೆ ವಾಸಿಯಾದೀತು ಎಂದು ಅವಳ ಎಣಿಕೆ. ರಕ್ತ ಬಂದರಂತೂ ಕೆಟ್ಟದ್ದೆಲ್ಲ ಹೊರಗೆ ಹೋಯಿತು ಎಂದು ಸಮಾಧಾನ. ಎಂಥ ಜಾಣೆ ನೋಡು! ಕೆದಕಿದಷ್ಟೂ ಉಗುರು ಮೇಲೇಳುತ್ತ ಹೋಯಿತು. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದನ್ನು ಬಿಟ್ಟಳು. ಗೆಳತಿಯರ ಜೊತೆ ಬುತ್ತಿ ಬಿಚ್ಚುವುದನ್ನು ಬಿಟ್ಟಳು. ರೊಟ್ಟಿ ಹಿಟ್ಟಿನ ಹತ್ತಿರ ಸುಳಿಯಲೇ ಇಲ್ಲ.

ಅಜ್ಜಿ ಕೆಲವು ದಿನ ನೋಡಿದಳು. ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ನಿಂತು, "ಏಳ, ಬಸ್ಸಿನ ಹೊತ್ತಾತು" ಎಂದಳು. ಪೇಟೆಯ ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಉಗುರು ನೋಡಿದರು. ಮೊಣಕೈ ಮೇಲೆ ಸಿಪ್ಪೆ ಏಳುತ್ತಿದ್ದ ಒಂದು ಕೆಂಪು ಕಲೆ ಇತ್ತು, ಮನೆಯವರು ಯಾರೂ ಲೆಕ್ಕಕ್ಕೆ ಹಿಡಿಯದಿದ್ದದ್ದು. ಅದನ್ನೂ ನೋಡಿದರು. ಉಗುರಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಬೂಷ್ಟು ಇಲ್ಲವೆಂದು ಖಚಿತವಾದ ಮೇಲೆ ಮತ್ತೆ ಕರೆಸಿ ಕೂರಿಸಿಕೊಂಡರು.

"ಇದು ಸೋರಿಯಾಸಿಸ್ ಮಗಳೇ. ಯಾರಿಗೂ ಅಂಟುವುದಿಲ್ಲ. ನೀನು ಮಾಡಿದ ಯಾವ ತಪ್ಪಿನಿಂದಲೂ ಬಂದದ್ದಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿ ಹಾದಿ ತಪ್ಪಿ ನಿನ್ನ ಮೇಲೇ ತಿರುಗಿಬಿದ್ದಿದೆ. ಅದಿರಲಿ, ಅಡಿಯ ಪುಡಿಯನ್ನು ಯಾತರಿಂದ ತೆಗೆಯುತ್ತೀ?"

ಹುಡುಗಿ ತಲೆ ತಗ್ಗಿಸಿ ಬಳೆ ತೋರಿಸಿದಳು. ಬೈಗುಳ ಬೀಳುತ್ತದೆ ಎಂದುಕೊಂಡಿದ್ದಳು. ಡಾಕ್ಟರಮ್ಮ ಬೈಯಲಿಲ್ಲ. ಅಂಗೈ ಮುಂದೆ ಚಾಚಿ, "ಮೊದಲು ಆ ಪಿನ್ನು ಇಲ್ಲಿ ಕೊಡು" ಎಂದರು. ತೆಗೆದುಕೊಂಡು ಮೇಜಿನ ಖಾನೆಯೊಳಗೆ ಹಾಕಿದರು.

ಔಷಧಿಯ ಮಾತು ಬಂದದ್ದು ಆಮೇಲೆ. ಕೆದಕಿ ನೋಯಿಸಿದ ಕಡೆಯೇ ಈ ರೋಗ ಇನ್ನಷ್ಟು ಏಳುತ್ತದೆ ಎಂದರು. ಉಗುರನ್ನು ಮೋಟಾಗಿ ಕತ್ತರಿಸಿಕೊಳ್ಳಬೇಕು, ಪಾತ್ರೆ ತಿಕ್ಕುವಾಗ ಕೈಗವಸು ಹಾಕಿಕೊಳ್ಳಬೇಕು. ತಾವು ಕೊಟ್ಟ ಹೊಸ ಮುಲಾಮು ಹಚ್ಚಬೇಕಾದದ್ದು ಉಗುರಿನ ಮೇಲಲ್ಲ, ಹಿಂದೆ, ಚರ್ಮ ಮಡಚಿದ ಕಡೆ, ಉಗುರು ಹುಟ್ಟುವ ಬುಡಕ್ಕೆ. ಕೆಟ್ಟುಹೋದ ಉಗುರು ರಿಪೇರಿಯಾಗುವುದಿಲ್ಲ. ಅದು ಬೆಳೆದು ಮುಂದೆ ಹೋಗುತ್ತದೆ, ಹಿಂದಿನಿಂದ ಹೊಸದು ಬರುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಹೋದದ್ದು ಮತ್ತೆ ಬಂದರೂ ಬಂದೀತು, ಬಂದರೆ ಹೆದರದೆ ಬಾ, ಬೇರೆ ಔಷಧಿಗಳೂ ಇವೆ ಎಂದು ಹೇಳಿ ಕಳಿಸಿದರು.

ಹುಡುಗಿ ಹೇಳಿದಂತೆ ಮಾಡಿದಳು. ಒಂದು ತಿಂಗಳಾದರೂ ಉಗುರು ಹಾಗೇ ಇತ್ತು. ಅವಳಿಗೆ ಅಳು ಬರುತ್ತಿತ್ತು. ತನಗೇ ತಿಳಿಯದೆ ಬೆರಳು ಬಳೆಯ ಹತ್ತಿರ ಹೋಗುತ್ತಿತ್ತು, ಅಲ್ಲಿ ಪಿನ್ನು ಇರುತ್ತಿರಲಿಲ್ಲ. ಅಜ್ಜಿಯ ಬಳೆ ನೋಡಿದರೆ ಅಲ್ಲೂ ಇಲ್ಲ. ಮುದುಕಿ ತನ್ನ ಪಿನ್ನುಗಳನ್ನೆಲ್ಲ ಬಿಚ್ಚಿ ಎಲ್ಲೋ ಬಚ್ಚಿಟ್ಟಿದ್ದಳು. ಗುಂಡಿ ಕಿತ್ತುಹೋದ ರವಿಕೆಗೆ ದಾರ ಕಟ್ಟಿಕೊಂಡು ಓಡಾಡಿದಳೇ ಹೊರತು ಪಿನ್ನಿನ ಹೆಸರೆತ್ತಲಿಲ್ಲ.

ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಹುಡುಗಿ ಬಿಸಿಲಿಗೆ ಕೈ ಹಿಡಿದು ಮುಲಾಮು ಹಚ್ಚುತ್ತಿದ್ದಳು. ಪಂಚಮಿಯ ಮದರಂಗಿ ಅಂಗೈಯಿಂದ ಎಂದೋ ಅಳಿಸಿಹೋಗಿತ್ತು, ಉಗುರಿನ ಮೇಲೆ ಮಾತ್ರ ಇನ್ನೂ ಇತ್ತು. ಆದರೆ ಅದು ಇದ್ದಲ್ಲಿ ಇರಲಿಲ್ಲ. ಕೆಂಪು ಮುಂದಕ್ಕೆ ಸರಿದಿತ್ತು. ಅದರ ಹಿಂದೆ, ಬುಡದಲ್ಲಿ, ಜೋಳದ ಕಾಳಿನಗಲ ಹೊಸ ಉಗುರು ಬಂದಿತ್ತು. ಬೆರಳಾಡಿಸಿದಳು. ನುಣ್ಣಗಿತ್ತು. ಒಂದು ಕುಳಿಯೂ ಇರಲಿಲ್ಲ.

ಮುಚ್ಚಲೆಂದು ಹಚ್ಚಿದ ಮದರಂಗಿಯೇ ಉಗುರು ಎಷ್ಟು ಮುಂದೆ ಬಂದಿದೆ ಎಂದು ತೋರಿಸಿಕೊಟ್ಟಿತ್ತು. "ಆಯೀ, ಲಗೂನ ಬಾ ಇಲ್ಲೆ!" ಎಂದು ಅವಳು ಕೂಗಿದ್ದಕ್ಕೆ ಅಜ್ಜಿ ಹಾವು ಬಂತೇನೋ ಎಂದು ಕೋಲು ಹಿಡಿದು ಓಡಿಬಂದಳು. ಉಗುರು ನೋಡಿ ಕೋಲು ಒಗೆದು ಅಲ್ಲೇ ಕೂತು ಅತ್ತಳು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು.

ಮರುವರ್ಷ ರೊಟ್ಟಿ ಹಬ್ಬ ಬಂತು. ಎಂಟು ಉಗುರು ಹಸನಾಗಿದ್ದವು. ಹೆಬ್ಬೆರಳುಗಳೆರಡು ಇನ್ನೂ ಹಳದಿಯಾಗೇ ಇದ್ದವು. ಮದರಂಗಿ ಇಲ್ಲದ ಕೈಯಲ್ಲೇ ಹುಡುಗಿ ಅಂಗಳಕ್ಕೆ ಬಂದು ಹಿಟ್ಟಿನ ಮುಂದೆ ಕೂತಳು. ಪಕ್ಕದ ಮನೆಯಾಕೆ ನೋಡುತ್ತಿದ್ದುದನ್ನು ಕಂಡು ತಾನೇ ಬಾಯಿಬಿಟ್ಟಳು.

"ಸೋರಿಯಾಸಿಸ್ ಅತ್ತಿ ಇದು. ಯಾರಿಗೂ ಅಂಟಂಗಿಲ್ಲ. ಔಷಧಿ ನಡದೈತಿ. ಬೇಕಂದ್ರ ಮುಟ್ಟಿ ನೋಡ್ರಿ."

ಆಕೆ ಹುಡುಗಿಯ ಕೈ ಹಿಡಿದು ಹೆಬ್ಬೆರಳನ್ನು ತಿರುಗಿಸಿ ನೋಡಿದಳು. ಆಮೇಲೆ ಹುಡುಗಿ ಬೇಯಿಸಿಟ್ಟ ಮೊದಲ ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ಅಂಚು ದಪ್ಪ ಆಗೇತಿ ನೋಡವ್ವ. ವರ್ಷೊಪ್ಪತ್ತು ಬಡೀದ ಕೂತ್ರ ಇನ್ನೇನಾಗತೈತಿ?"

ಅವತ್ತು ಆ ಬೈಗುಳ ಕೇಳಿ ಆದಷ್ಟು ಸಂತೋಷ ಹುಡುಗಿಗೆ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು. ನಿರುಪಾದಿ ಕಣ್ಣೊರೆಸಿಕೊಂಡ. ಕತೆ ಅವನ ಎದೆಗೆ ತಾಗಿತ್ತು.

"ತಿಳಿಯಿತು ಅಜ್ಜಾರೇ. ಹೊಸದು ಹುಟ್ಟುವ ಕಡೆ ಲಕ್ಷ್ಯ ಇಡಬೇಕು, ತಾಳ್ಮೆ ಬೇಕು. ಇಷ್ಟು ಸಣ್ಣ ಮಾತು ಇಷ್ಟು ದಿನ ನನಗೆ ಹೊಳೆಯಲಿಲ್ಲವಲ್ಲ! ನನ್ನಂಥ ದಡ್ಡ, ನನ್ನಂಥ ಪಾಪಿ ಈ ಮಠದಲ್ಲಿ ಇನ್ನೊಬ್ಬನಿಲ್ಲ. ಇವತ್ತು ಸಂಜೆ ಕೂತು ಇದನ್ನೂ ಸೇರಿಸಿ ನನ್ನನ್ನು ನಾನು ಚೆನ್ನಾಗಿ..."

ಅಜ್ಜಾರು ಅಂಗೈ ಮುಂದೆ ಚಾಚಿದ್ದನ್ನು ಕಂಡು ನಿರುಪಾದಿಯ ಮಾತು ಅರ್ಧಕ್ಕೇ ನಿಂತಿತು.

"ಮೊದಲು ಆ ಪಿನ್ನು ಇಲ್ಲಿ ಕೊಡು."