ಮೂಗು ಗೆದ್ದ ಬಿಂದುಮಾಧವ

ತುಂಗಭದ್ರೆಯ ದಂಡೆಯ ಆಶ್ರಮವೊಂದರಲ್ಲಿ ಗೋಪೀನಾಥಾಚಾರ್ಯರೆಂಬ ಗುರುಗಳಿದ್ದರು. ಅವರಿಗೆ ಕಿವಿ ಮಂದ. ಯಾರು ಏನೇ ಹೇಳಲಿ, ಮೊದಲು "ಏನಂದ್ಯೋ?" ಎನ್ನುವರು. ಕೂಗಿ ಹೇಳಿದರೆ ನಗುತ್ತಾ ಉತ್ತರ ಕೊಡುವರು.

ಅಡುಗೆಮನೆಯ ಕೆಲಸ ಶಿಷ್ಯ ಬಿಂದುಮಾಧವನದು. ವೇದಾಂತದ ಪಾಠಕ್ಕಿಂತ ಒಲೆಯ ಮುಂದೆಯೇ ಅವನಿಗೆ ಹೆಚ್ಚು ಸುಖ. ಆದರೆ ಅಲ್ಲೊಂದು ಕಟ್ಟುನಿಟ್ಟು: ನೈವೇದ್ಯವಾಗುವವರೆಗೆ ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲ. ಹದವೇನಿದ್ದರೂ ಮೂಗೇ ಹೇಳಬೇಕು.

ಆ ಮೂಗೇ ಕೈಕೊಟ್ಟಿತ್ತು. ವರ್ಷಗಳಿಂದ ಸೈನಸ್ಸು. ಹಣೆ ಭಾರ, ಕೆನ್ನೆ ಭಾರ, ಮೂಗು ಸದಾ ಬಂದ್. ಬರಬರುತ್ತಾ ಇಂಗಿನ ಡಬ್ಬಿಯೊಳಗೆ ಮುಖವಿಟ್ಟರೂ ಏನೂ ತಿಳಿಯದಾಯಿತು. ಹೇಳಿದರೆ ಒಲೆ ಇನ್ನೊಬ್ಬನ ಪಾಲಾಗುತ್ತದೆಂದು ಪಾಪ, ಯಾರಿಗೂ ಹೇಳಲಿಲ್ಲ.

ಏಕಾದಶಿಯ ಉಪವಾಸ ಮುಗಿದ ಬೆಳಿಗ್ಗೆ ಪಾಯಸ ತಳಹಿಡಿಯಿತು. ಹೊಳೆಯಲ್ಲಿ ಮೀಯುತ್ತಿದ್ದವರಿಗೂ ಸೀದ ವಾಸನೆ ಬಂತು, ಸೌಟು ಹಿಡಿದು ನಿಂತವನಿಗೆ ಬರಲಿಲ್ಲ. ನೈವೇದ್ಯವಾಯಿತು. ದೇವರು ಏನೂ ಹೇಳಲಿಲ್ಲ. ಹಸಿದು ಕುಳಿತಿದ್ದ ಶಿಷ್ಯರು ಹೇಳಿದರು.

ನಿನ್ನ ಮೂಗು ಎಲ್ಲಿತ್ತಯ್ಯ ಎಂದು ಅವರು ಮೇಲೆಬಿದ್ದಾಗ ಬಿಂದುಮಾಧವ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನಾನು ಘ್ರಾಣೇಂದ್ರಿಯ ಗೆದ್ದಿದ್ದೇನೆ. ಸುಗಂಧ, ದುರ್ಗಂಧ ಎರಡೂ ನನಗೆ ಒಂದೇ."

ಹೇಳಿದ ಮೇಲೆ ಅವನಿಗೇ ಅದು ನಿಜವೆನಿಸಿತು. ಇಬ್ಬರು ಶಿಷ್ಯರು ಅವನ ಕಾಲಿಗೂ ಬಿದ್ದರು.

"ಏನಂದ್ಯೋ?" ಎಂದರು ಗುರುಗಳು.

ಬಿಂದುಮಾಧವ ಎದೆಯುಬ್ಬಿಸಿ ಮತ್ತೆ ಕೂಗಿ ಹೇಳಿದ.

"ಭೇಷ್. ಗೆದ್ದವನಿಗೆ ಒಲೆಯ ಮುಂದೆ ಏನು ಕೆಲಸ? ನಾಳೆಯಿಂದ ಆಚೆ ದಡದ ಗವಿಯಲ್ಲಿ ಕೂತು ಧ್ಯಾನ ಮಾಡು."

ಬಿಂದುಮಾಧವನ ಮುಖ ಬಿಳಿಚಿಕೊಂಡಿತು. ಯಾವುದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ್ದನೋ ಅದೇ ಕೈಬಿಟ್ಟು ಹೋಗುತ್ತಿತ್ತು. ಗುರುಗಳ ಹತ್ತಿರ ಹೋಗಿ ಪಿಸುಗುಟ್ಟಿದ.

"ಏನಂದ್ಯೋ?"

ಸ್ವಲ್ಪ ಗಟ್ಟಿಯಾಗಿ ಹೇಳಿದ.

"ಏನಂದ್ಯೋ?"

"ಗೆದ್ದಿಲ್ಲ ಗುರುಗಳೇ. ನನಗೆ ವಾಸನೆಯೇ ಬರೋದಿಲ್ಲ."

ಹೊಳೆಯಿಂದ ನೀರು ತರುತ್ತಿದ್ದವರೂ ನಿಂತು ಇತ್ತ ತಿರುಗಿದರು. ಕಾಲಿಗೆ ಬಿದ್ದಿದ್ದ ಇಬ್ಬರು ಬೇರೆಲ್ಲೋ ನೋಡತೊಡಗಿದರು.

ಗುರುಗಳು ಎದ್ದರು. ತಮ್ಮ ಮಣೆಯನ್ನು ಎಳೆದುಕೊಂಡು ಹೋಗಿ ಅಡುಗೆಮನೆಯ ಹೊಸ್ತಿಲ ಬಳಿ ಹಾಕಿ ಕುಳಿತರು. ನಾಳೆ ಡಾಕ್ಟರ ಹತ್ತಿರ ಹೋಗಿ ಬಾ, ಈಗ ಇನ್ನೊಂದು ಪಾಯಸಕ್ಕಿಡು, ಹುಡುಗರು ಹಸಿದಿದ್ದಾರೆ ಎಂದರು.

"ಹದ ನನಗೆ ಹೇಗೆ ಗೊತ್ತಾಗಬೇಕು, ಗುರುಗಳೇ?" ಎಂದು ಬಿಂದುಮಾಧವ ಕೂಗಿದ.

"ನನಗೂ ಕಿವಿ ಕೇಳೋದಿಲ್ಲ. ಕಿವಿ ಗೆದ್ದೆ ಅಂತ ಯಾವತ್ತಾದರೂ ಅಂದಿದ್ದೀನಾ? ಏನಂದೆ ಅಂತ ನಿನ್ನನ್ನೇ ಕೇಳ್ತೀನಿ. ನೀನೂ ನನ್ನನ್ನ ಕೇಳು."